ಇವತ್ತು ಬಸ್ಸು ಬಂದಿತ್ತಾ ಎಂದು ಕೇಳಿ: ಬೈಕ್ ಸವಾರರ ಬಳಗಗಳಿಗೆ ಒಂದು ಬಹಿರಂಗ ಪತ್ರ

ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಗೋವಾ ಕಡೆಗಳಿಂದ ಶಿರಸಿ, ಸಿದ್ದಾಪುರ, ಯಲ್ಲಾಪುರಗಳಿಗೆ ಗುಂಪು ಕಟ್ಟಿಕೊಂಡು ಬರುವ ಬೈಕ್ ಸವಾರರ ಬಳಗಗಳಿಗೆ,



ನಿಮ್ಮ ಪ್ರವಾಸದ ಪಟ್ಟಿ ಈಗ ಹೇಗೆ ತಯಾರಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಫೋನು ತೆರೆದು ಚಾಟ್‌ಜಿಪಿಟಿಯನ್ನೋ ಜೆಮಿನಿಯನ್ನೋ ಕೇಳುತ್ತೀರಿ: ಇಷ್ಟು ಬೈಕು, ಎರಡು ದಿನ, ಶಿರಸಿಯಲ್ಲಿ ವಸತಿ, ಆದಷ್ಟು ಜಲಪಾತ, ಖರ್ಚು ಇಷ್ಟರೊಳಗೆ. ಅರ್ಧ ನಿಮಿಷದಲ್ಲಿ ಉತ್ತರ ಬರುತ್ತದೆ. ಮೊದಲ ದಿನ ಉಂಚಳ್ಳಿ, ಯಾಣ, ಸಹಸ್ರಲಿಂಗ. ಎರಡನೆಯ ದಿನ ಮಾಗೋಡು, ಜೇನುಕಲ್ಲು ಗುಡ್ಡ, ಸಾತೊಡ್ಡಿ, ಸಂಜೆಗೆ ಹುಬ್ಬಳ್ಳಿ ದಾರಿ. ಪ್ರತಿಯೊಂದರ ಮುಂದೆ ಹೊರಡುವ ಹೊತ್ತು, ತಲುಪುವ ಹೊತ್ತು. ಓದಿದರೆ ಈ ಊರಲ್ಲಿ ಹುಟ್ಟಿ ಬೆಳೆದವರು ಬರೆದುಕೊಟ್ಟಂತೆಯೇ ಇರುತ್ತದೆ. ಈ ಸಾಧನವನ್ನು ಬಿಟ್ಟುಬಿಡಿ ಎಂದು ಹೇಳಲು ನಾನು ಪತ್ರ ಬರೆಯುತ್ತಿಲ್ಲ. ನನ್ನ ಮಾತು ಇಷ್ಟು: ಎಐ ಕೊಡುವ ಯೋಜನೆ ಎಲ್ಲೋ ಯಾರೋ ಬರೆದಿಟ್ಟದ್ದರಿಂದ ಹುಟ್ಟುತ್ತದೆ. ಘಟ್ಟದ ಮೇಲಿನ ದಾರಿಗಳ ಸ್ಥಿತಿಯನ್ನು, ಅದರಲ್ಲೂ ಜೂನ್‌ನಿಂದ ಅಕ್ಟೋಬರ್‌ವರೆಗಿನ ಸ್ಥಿತಿಯನ್ನು, ಬಹುಮಟ್ಟಿಗೆ ಯಾರೂ ಎಲ್ಲೂ ಬರೆದಿಡುವುದಿಲ್ಲ. ಆದ್ದರಿಂದ ಆ ಯೋಜನೆಯನ್ನು ಅರ್ಧ ಮುಗಿದ ಕೆಲಸವೆಂದು ತಿಳಿದು, ಉಳಿದರ್ಧವನ್ನು ಇಲ್ಲಿಯ ಜನರನ್ನು ಕೇಳಿ ಮುಗಿಸಿ. ಇಬ್ಬರ ಮಾತಿನಲ್ಲಿ ವ್ಯತ್ಯಾಸ ಬಂದರೆ ಜನರ ಮಾತೇ ಮೇಲಾಗಲಿ.

ಮೊದಲು ಯಂತ್ರಕ್ಕೆ ಸಲ್ಲಬೇಕಾದ ಶ್ರೇಯಸ್ಸನ್ನು ಸಲ್ಲಿಸಿಬಿಡೋಣ. ಬೆಂಗಳೂರಿನಿಂದ ಶಿರಸಿಗೆ ಸುಮಾರು 400 ಕಿ.ಮೀ.; ಅದನ್ನು ಎಲ್ಲಿ ತುಂಡು ಮಾಡಬೇಕು, ಎಷ್ಟು ಪೆಟ್ರೋಲ್ ಬೇಕು, ಮಳೆಯ ಜಾಕೆಟ್ಟಿನಿಂದ ಪಂಕ್ಚರ್ ಕಿಟ್‌ವರೆಗೆ ಚೀಲದಲ್ಲಿ ಏನೇನಿರಬೇಕು, ಗುಂಪಿನ ಖರ್ಚನ್ನು ಹೇಗೆ ಹಂಚಬೇಕು, ಇವನ್ನೆಲ್ಲ ಎಐ ಚೆನ್ನಾಗಿ ಮಾಡುತ್ತದೆ. ಬನವಾಸಿಯ ಮಧುಕೇಶ್ವರ ದೇವಾಲಯದ ಬಗ್ಗೆ, ಸೋಂದೆಯ ಮಠಗಳ ಬಗ್ಗೆ, ಭುವನಗಿರಿಯ ಭುವನೇಶ್ವರಿಯ ಬಗ್ಗೆ ಹೊರಡುವ ಮೊದಲೇ ಓದಿಕೊಳ್ಳಲು ನೆರವಾಗುತ್ತದೆ. ಕನ್ನಡ ಬಾರದ ಗೆಳೆಯರಿದ್ದರೆ ಹೋಂಸ್ಟೇಯವರಿಗೆ ಕನ್ನಡದಲ್ಲೇ ಒಂದು ಸಂದೇಶ ಬರೆದುಕೊಡುತ್ತದೆ. ಬದಲಾಗದೆ ಇರುವ ಸಂಗತಿಗಳಲ್ಲಿ ಅದರ ಮಾತನ್ನು ಒಮ್ಮೆ ಪರೀಕ್ಷಿಸಿ ನಂಬಬಹುದು. ತೊಂದರೆ ಶುರುವಾಗುವುದು ಕಾಲಕ್ಕೆ ತಕ್ಕಂತೆ ಬದಲಾಗುವ ಸಂಗತಿಗಳಲ್ಲಿ, ಮತ್ತು ನಮ್ಮ ಸೀಮೆಯಲ್ಲಿ ಬಹುಪಾಲು ಎಲ್ಲವೂ ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ.

ಒಂದು ಉದಾಹರಣೆ ನೋಡಿ. ಶಿರಸಿ ಹತ್ತಿರ ಶಾಲ್ಮಲಾ ನದಿಯ ಬಂಡೆಗಳ ಮೇಲೆ ಕೆತ್ತಿದ ಸಹಸ್ರಲಿಂಗಗಳು ಕಾಣುವುದು ಹೊಳೆಯ ನೀರು ಇಳಿದ ಮೇಲೆ, ಅಂದರೆ ಮಳೆಗಾಲ ಪೂರ್ತಿ ಕಳೆದು ನವೆಂಬರ್ ಹೊತ್ತಿಗೆ. ಜುಲೈನಲ್ಲಿ ಅಲ್ಲಿ ಕೆಂಪು ನೀರು ಬಿಟ್ಟರೆ ಬೇರೇನೂ ಇರುವುದಿಲ್ಲ. ಹೊಳೆಗೆ ಇಳಿಯುವುದು ಜೀವಕ್ಕೇ ಅಪಾಯ. ಜಲಪಾತಗಳ ಲೆಕ್ಕ ಇದಕ್ಕೆ ತಿರುಗಾಮುರುಗ. ಹೀಗಿರುವಾಗ 'ತುಂಬಿ ಧುಮುಕುವ ಮಾಗೋಡು' ಮತ್ತು 'ಲಿಂಗಗಳ ನಡುವೆ ಒಂದು ಗಂಟೆ' ಎಂಬ ಎರಡನ್ನೂ ಒಂದೇ ವಾರಾಂತ್ಯದಲ್ಲಿ ಕೂರಿಸುವ ಯೋಜನೆ ತನಗೆ ತಾನೇ ವಿರುದ್ಧ ಮಾತಾಡುತ್ತಿದೆ. ಅಘನಾಶಿನಿ 116 ಮೀಟರ್ ಎತ್ತರದಿಂದ ಬೀಳುವ ಉಂಚಳ್ಳಿಯ ಕತೆಯೂ ಹೀಗೆಯೇ. ಅಬ್ಬರದ ಮಳೆಯಲ್ಲಿ ಕಣಿವೆ ತುಂಬ ಮಂಜು ಕವಿದು, ಕೆಪ್ಪಜೋಗ ಎಂಬ ತನ್ನ ಇನ್ನೊಂದು ಹೆಸರಿಗೆ ತಕ್ಕ ಭೋರ್ಗರೆತ ಕಿವಿಗೆ ಬೀಳುತ್ತದೆಯೇ ಹೊರತು ಕಣ್ಣಿಗೆ ನೀರು ಕಾಣದ ದಿನಗಳೇ ಹೆಚ್ಚು. ಮಳೆ ಹಿಂದೆ ಸರಿಯುವ ಸೆಪ್ಟೆಂಬರ್, ಅಕ್ಟೋಬರ್ ಅದಕ್ಕೆ ಒಳ್ಳೆಯ ಕಾಲ. ಹವಾಮಾನದ ಮುನ್ಸೂಚನೆಯನ್ನು ಎಐ ನೋಡಿ ಹೇಳುತ್ತದಲ್ಲ ಎನ್ನಬಹುದು. ಅದು ಹೆಚ್ಚಾಗಿ ನೋಡುವುದು 'ಶಿರಸಿ' ಎಂಬ ಪಟ್ಟಣದ ಹವಾಮಾನವನ್ನು. ತಾಲ್ಲೂಕಿನ ಪೂರ್ವಕ್ಕೆ, ಬನವಾಸಿ ಕಡೆ, ಮಳೆ ಕಡಿಮೆ. ಪಶ್ಚಿಮಕ್ಕೆ ಘಟ್ಟದ ಅಂಚಿಗೆ ಹೋದಂತೆ ಅದಕ್ಕಿಂತ ಬಹಳ ಹೆಚ್ಚು. ನೀವು ನೋಡಲು ಹೊರಟ ಜಲಪಾತಗಳಲ್ಲಿ ಹೆಚ್ಚಿನವು ಇರುವುದು ಆ ಅಂಚಿನಲ್ಲಿ. ಪೇಟೆಯಲ್ಲಿ ತುಂತುರು ಇದ್ದ ಹೊತ್ತಿಗೆ ಅಲ್ಲಿ ಹೊಳೆ ಸಂಕದ ಮೇಲೆ ಹರಿಯುತ್ತಿರಬಹುದು.

ಮಳೆಗಾಲ ಬೇಡ, ಬೇಸಿಗೆಗೆ ಬರುತ್ತೇವೆ ಎಂದರೆ ಅಲ್ಲಿ ಬೇರೆಯದೇ ಎಚ್ಚರ ಬೇಕು. ಮಂಗನಕಾಯಿಲೆ 1957ರಲ್ಲಿ ಮೊದಲು ಗುರುತಾದದ್ದು ಸಿದ್ದಾಪುರಕ್ಕೆ ತಾಗಿದ ಸೊರಬ ಸೀಮೆಯ ಕ್ಯಾಸನೂರು ಕಾಡಿನಲ್ಲಿ. 2024ರ ಬೇಸಿಗೆಯಲ್ಲಿ ಸಿದ್ದಾಪುರ ತಾಲ್ಲೂಕಿನಲ್ಲಿ ಅದು ಜನರ ಪ್ರಾಣ ತೆಗೆಯಿತು. ಉಣುಗು ಕಚ್ಚಿ ಬರುವ ಈ ಜ್ವರದ ಕಾಲ ಸುಮಾರಾಗಿ ಡಿಸೆಂಬರ್‌ನಿಂದ ಮೇ ತನಕ. ಪ್ರವಾಸಕ್ಕೆ ಪ್ರಶಸ್ತ ಎಂದು ಪಟ್ಟಿಗಳು ಹೇಳುವ ತಿಂಗಳುಗಳಲ್ಲಿ ಹಲವು ಇದರೊಳಗೇ ಬರುತ್ತವೆ. ಕಾಡಿಗೆ ಹೋಗಲೇಬೇಕಾದವರು ಆರೋಗ್ಯ ಇಲಾಖೆ ಕೊಡುವ ಉಣುಗು ನಿವಾರಕ ಡೇಪಾ ಎಣ್ಣೆ ಹಚ್ಚಿಕೊಂಡು ಹೋಗುತ್ತಾರೆ. ದರಕಿನ (ಒಣ ಎಲೆಗಳ) ಮೇಲೆ ಟೆಂಟ್ ಹಾಕಿ ರಾತ್ರಿ ಕಳೆಯಿರಿ ಎಂದು ಸಲಹೆ ಕೊಡುವ ಯಂತ್ರ ಈ ಮಾತನ್ನು ತಾನಾಗಿ ಹೇಳುತ್ತದೆಂಬ ಭರವಸೆ ಇಲ್ಲ. ನೀವು ಮಂಗನಕಾಯಿಲೆಯ ಹೆಸರು ಹಿಡಿದು ಕೇಳಿದರೆ ಹೇಳೀತು. ಹೆಸರು ಹಿಡಿದು ಕೇಳಬೇಕಾದರೆ ಮೊದಲು ಅದು ನಿಮಗೆ ಗೊತ್ತಿರಬೇಕು.

ಇನ್ನು ರಸ್ತೆಯ ವಿಚಾರ. ಈ ಪತ್ರದ ಮುಖ್ಯ ವಿಚಾರವೂ ಅದೇ. 2021ರ ಜುಲೈ ಕೊನೆಯ ಮಳೆಗೆ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಗುಡ್ಡಗಳು ಕುಸಿದು ಮನೆ, ಅಡಿಕೆ ತೋಟ, ರಸ್ತೆಗಳೆಲ್ಲ ಮಣ್ಣುಪಾಲಾದವು. ಅದೇ ದಿನಗಳಲ್ಲಿ ಗುಳ್ಳಾಪುರದ ಬಳಿ ಗಂಗಾವಳಿಯ ಸೇತುವೆ ಕೊಚ್ಚಿಹೋಯಿತು, ಅರಬೈಲು ಘಟ್ಟದ ಹೆದ್ದಾರಿಯೂ ಕುಸಿಯಿತು. 2024ರ ಜುಲೈ 16ರಂದು ಘಟ್ಟದ ಕೆಳಗೆ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಜಾರಿ ರಾಷ್ಟ್ರೀಯ ಹೆದ್ದಾರಿ 66ರ ಬದಿಯ ಚಹಾ ಅಂಗಡಿಯನ್ನೂ ನಿಂತ ವಾಹನಗಳನ್ನೂ ಗಂಗಾವಳಿಗೆ ತಳ್ಳಿತು. ಕೇರಳದ ಲಾರಿ ಚಾಲಕರೊಬ್ಬರ ದೇಹ ಸಿಕ್ಕಿದ್ದು ಸೆಪ್ಟೆಂಬರ್ 25ಕ್ಕೆ. ಮಾಗೋಡಿನಲ್ಲಿ ನೀವು ಫೋಟೊ ತೆಗೆಯುವ ಬೇಡ್ತಿಯೇ ಕೆಳಗಿಳಿದು ಗಂಗಾವಳಿಯಾಗುತ್ತದೆ. ಅದೇ ವರ್ಷದ ಆಗಸ್ಟ್ 7ರ ನಡುರಾತ್ರಿ ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಹಿಂದಿನ ಸಂಜೆಯವರೆಗೂ ಅದು ಎಲ್ಲ ನಕ್ಷೆಗಳಲ್ಲೂ ಸರಾಗವಾದ ರಸ್ತೆಯೇ ಆಗಿತ್ತು. ಶಿರಸಿಯಿಂದ ಕುಮಟೆಗೆ ಇಳಿಯುವ ದೇವಿಮನೆ ಘಟ್ಟದಲ್ಲಿ ವರ್ಷಗಟ್ಟಲೆ ಅಗಲೀಕರಣ ನಡೆದು, ಸಂಚಾರ ನಿಲ್ಲಿಸಿದ ಕಾಲವೂ ಇತ್ತು, ಲಘು ವಾಹನಗಳಿಗೆ ಮಾತ್ರ ಬಿಟ್ಟ ಕಾಲವೂ ಇತ್ತು. ಮಳೆಯಿಲ್ಲದ ಕಾಲಕ್ಕೂ ಭರವಸೆ ಇಲ್ಲ: 2025ರ ಜನವರಿ 22ರ ನಸುಕಿನಲ್ಲಿ ಸವಣೂರಿನಿಂದ ಕುಮಟೆಯ ಸಂತೆಗೆ ಹಣ್ಣು ತರಕಾರಿ ಹೊತ್ತು ಹೊರಟಿದ್ದ ಲಾರಿ ಅರಬೈಲು ಘಟ್ಟದ ಬಳಿ ಕಂದಕಕ್ಕೆ ಉರುಳಿ 10 ಜನ ಸತ್ತರು. ಸಂತೆಗೆಂದು ಓಡಾಡಿ ಆ ದಾರಿಯನ್ನು ಬಲ್ಲವರೇ ಅವರಾಗಿದ್ದಿರಬೇಕು.

ಈ ಯಾವುದೂ ಗುಟ್ಟಿನ ಸುದ್ದಿಯಲ್ಲ, ಎಲ್ಲವೂ ಪತ್ರಿಕೆಗಳಲ್ಲಿ ಬಂದವು. ಆದರೆ ದೊಡ್ಡ ಕುಸಿತಕ್ಕೆ ಮಾತ್ರ ಪತ್ರಿಕೆಯಲ್ಲಿ ಜಾಗ ಸಿಗುತ್ತದೆ. ಸಿದ್ದಾಪುರದ ಒಂದು ಮಜರೆಯ ಮೋರಿ ಕೊಚ್ಚಿಹೋದದ್ದು, ಮಂಚಿಕೇರಿ ಕಡೆಯ ಒಂದು ತಿರುವಿನಲ್ಲಿ ಧರೆ ಜರಿದು ಅರ್ಧ ರಸ್ತೆ ಮುಚ್ಚಿದ್ದು ಎಲ್ಲಿ ದಾಖಲಾಗುತ್ತದೆ? ಊರಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ಒಂದು ಧ್ವನಿ ಸಂದೇಶವಾಗಿ. ಪಂಚಾಯ್ತಿ ಸದಸ್ಯರಿಗೆ ಹೋದ ಒಂದು ಫೋನಿನಲ್ಲಿ. ಹಾಲಿನ ಡೇರಿಯ ಜಗುಲಿಯ ಮಾತಿನಲ್ಲಿ. ಜಿಲ್ಲಾಧಿಕಾರಿಗಳು ಜಲಪಾತಕ್ಕೆ ಪ್ರವೇಶ ನಿಷೇಧಿಸಿದರೆ ಆ ಆದೇಶ ಕನ್ನಡದಲ್ಲಿ ಟೈಪಾಗಿ, ಸಹಿಯಾಗಿ, ಮೊಹರು ಬಿದ್ದು, ಫೋಟೊ ರೂಪದಲ್ಲಿ ಫೋನಿನಿಂದ ಫೋನಿಗೆ ಹರಿದಾಡುತ್ತದೆ. ಅರಣ್ಯ ಇಲಾಖೆಯವರು ದಾರಿಗೆ ಅಡ್ಡ ಕಟ್ಟಿದ ಗಳವೇ ಎಷ್ಟೋ ಸಲ ಮೊದಲ ಪ್ರಕಟಣೆ. ಯಂತ್ರಕ್ಕೆ ಓದಲು ಇಲ್ಲಿ ಏನೂ ಇಲ್ಲ. ಅದರ ಬಳಿ ಇರುವುದು ಹೆಚ್ಚಾಗಿ ಹೊರಗಿನಿಂದ ಬಂದವರು ಒಳ್ಳೆಯ ಹವೆಯ ದಿನ ನೋಡಿ, ಬಹುತೇಕ ಇಂಗ್ಲಿಷಿನಲ್ಲಿ ಬರೆದ ಟಿಪ್ಪಣಿಗಳು. ಒಬ್ಬರು 2014ರಲ್ಲಿ ಬರೆದದ್ದು, ಇನ್ನೊಬ್ಬರು 2023ರಲ್ಲಿ ಬರೆದದ್ದು ಎರಡೂ ಒಂದೇ ವಾಕ್ಯದಲ್ಲಿ ತಾರೀಖಿಲ್ಲದೆ ಬೆರೆತುಹೋಗುತ್ತವೆ. ಮುಂದಿನ ಪದ ಯಾವುದಿರಬಹುದು ಎಂಬ ಅಂದಾಜಿನ ಮೇಲೆ ವಾಕ್ಯ ಕಟ್ಟುವ ಯಂತ್ರ ಇದು. ಮಾಹಿತಿ ಇಲ್ಲದ ಕಡೆ ಸುಮ್ಮನಾಗುವ ಅಭ್ಯಾಸ ಅದಕ್ಕೆ ಕಡಿಮೆ. ಗೊತ್ತಿದ್ದದ್ದನ್ನು ಹೇಳುವ ಅದೇ ದನಿಯಲ್ಲಿ ಗೊತ್ತಿಲ್ಲದ್ದನ್ನೂ ಹೇಳಿಬಿಡುತ್ತದೆ.

ಹೆಸರುಗಳ ಗೋಜಲು ಇದಕ್ಕೆ ಸೇರಿಕೊಳ್ಳುತ್ತದೆ. ಸಿದ್ದಾಪುರ ಕೊಡಗಿನಲ್ಲೂ ಉಂಟು, ಕುಂದಾಪುರದ ಕಡೆಯೂ ಉಂಟು. ಹೆದ್ದಾರಿ 66ರ ಮೇಲೆಯೇ ಎರಡು ಶಿರೂರುಗಳಿವೆ: ಗುಡ್ಡ ಕುಸಿದದ್ದು ಅಂಕೋಲಾದ್ದು, ಟೋಲ್ ಇರುವುದು ಬೈಂದೂರಿನದು. ಉಂಚಳ್ಳಿ, ಕೆಪ್ಪಜೋಗ, ಲಷಿಂಗ್ಟನ್ ಜಲಪಾತ ಎಂದು ಮೂರು ಕಡೆ ಓದಿದವರು ಮೂರು ಜಲಪಾತಗಳೆಂದು ಎಣಿಸಬಾರದು; ಅದು ಒಂದೇ. ಸಿದ್ದಾಪುರದ ಬುರುಡೆ ಜೋಗವೂ ಇಳಿಮನೆ ಜಲಪಾತವೂ ಒಂದೇ. ಮನುಷ್ಯರಿಗೆ ಇದು ಒಂದು ಪ್ರಶ್ನೆಯಲ್ಲಿ ಬಗೆಹರಿಯುವ ಸಂಗತಿ.

ಇಲ್ಲಿ ನಿಮ್ಮಲ್ಲಿ ಹಲವರ ಆಕ್ಷೇಪ ಏನೆಂದು ಊಹಿಸಬಲ್ಲೆ. ಇದೆಲ್ಲ ಹಳೆಯ ದೂರು, ಈಗಿನ ಎಐ ಜಾಲತಾಣಗಳನ್ನು ಆ ಕ್ಷಣದಲ್ಲೇ ಹುಡುಕುತ್ತದೆ, ಮ್ಯಾಪ್ ಜೊತೆ ಕೂಡಿಕೊಂಡು ರಸ್ತೆಯ ಈಗಿನ ಸ್ಥಿತಿಯನ್ನೇ ತೋರಿಸುತ್ತದೆ ಎನ್ನುತ್ತೀರಿ. ನಿಜ, ಮೊದಲಿಗಿಂತ ಬಹಳ ಸುಧಾರಿಸಿದೆ. ಆದರೆ ಮ್ಯಾಪಿಗೆ ರಸ್ತೆಯ ಸ್ಥಿತಿ ಗೊತ್ತಾಗುವುದು ಮುಖ್ಯವಾಗಿ ಆ ರಸ್ತೆಯಲ್ಲಿ ಓಡಾಡುವ ಫೋನುಗಳಿಂದ. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಸಾವಿರಾರು ಫೋನುಗಳು ಸೇರಿ ಒಂದು ಸತ್ಯವನ್ನು ಹೇಳುತ್ತವೆ. ಉಂಚಳ್ಳಿಗೆ ಹೋಗುವಾಗ ಹೆಗ್ಗರಣೆಯಿಂದ ಮುಂದೆ, ಅಥವಾ ಸಾತೊಡ್ಡಿಯ ಕಾಡಿನ ದಾರಿಯಲ್ಲಿ, ಫೋನುಗಳೂ ಇಲ್ಲ, ಸಿಗ್ನಲ್ಲೂ ಇಲ್ಲ. ಯಾರೂ ಓಡಾಡದ ಮುಚ್ಚಿದ ರಸ್ತೆಗೂ ಯಾರೂ ಓಡಾಡದ ತೆರೆದ ರಸ್ತೆಗೂ ಮ್ಯಾಪಿನ ಕಣ್ಣಿಗೆ ವ್ಯತ್ಯಾಸ ಕಾಣುವುದು ಕಷ್ಟ. ಸಾಲದ್ದಕ್ಕೆ, 2017ರ ಕೊನೆಗೆ ಭಾರತದಲ್ಲಿ ಶುರುವಾದ ಗೂಗಲ್ ಮ್ಯಾಪ್‌ನ ದ್ವಿಚಕ್ರ ವಾಹನದ ಆಯ್ಕೆ ಕಾರು ಹೋಗದ ಒಳದಾರಿಗಳನ್ನೂ ತೋರಿಸುತ್ತದೆ. ನಗರದಲ್ಲಿ ಅದು ಉಪಕಾರ. ನಮ್ಮಲ್ಲಿ ಕಾರು ಹೋಗದ ಒಳದಾರಿ ಎಂದರೆ ಯಾರದೋ ತೋಟದ ನಡುವಿನ ಕಾಲುದಾರಿ, ದನ ಹೋಗುವ ಬೆಟ್ಟದ ಹಾದಿ, ಅಥವಾ ಮನೆಯವರು ತಾವೇ ಅಡಿಕೆ ಮರ ಕಡಿದು ಹಾಕಿಕೊಂಡ ಕಾಲುಸಂಕ. 2023ರ ಅಕ್ಟೋಬರ್ 1ರ ನಡುರಾತ್ರಿ ಮಳೆಯಲ್ಲಿ ಕೇರಳದ ಗೋತುರುತ್ತು ಬಳಿ ಇಬ್ಬರು ಯುವ ವೈದ್ಯರು ಕಾರಿನೊಂದಿಗೆ ಪೆರಿಯಾರ್ ನದಿಗೆ ಬಿದ್ದು ಸತ್ತದ್ದು, 2024ರ ನವೆಂಬರ್‌ನಲ್ಲಿ ಉತ್ತರ ಪ್ರದೇಶದ ಬರೇಲಿ ಬಳಿ ರಾಮಗಂಗಾ ನದಿಯ ತುಂಡಾದ ಸೇತುವೆಯಿಂದ ಕಾರು ಬಿದ್ದು ಮೂವರು ಸತ್ತದ್ದು, ಎರಡೂ ಮ್ಯಾಪ್ ನೋಡಿಕೊಂಡು ಹೋದಾಗ ಆದ ದುರಂತಗಳೆಂದೇ ವರದಿಯಾದವು. ಮ್ಯಾಪನ್ನು ನೋಡಿ ಯೋಜನೆ ಬರೆಯುವ ಎಐಗೆ ಮ್ಯಾಪಿಗೆ ಕಾಣದ್ದು ಕಾಣುವುದಿಲ್ಲ. ಅದು ಚೆಂದದ ವಾಕ್ಯದಲ್ಲಿ ಹೇಳುವುದರಿಂದ ನಮಗೆ ಅನುಮಾನ ಬರುವುದು ಮಾತ್ರ ಕಡಿಮೆಯಾಗುತ್ತದೆ.

ಹೊತ್ತಿನ ಲೆಕ್ಕವನ್ನೂ ನೋಡಿ. ಶಿರಸಿಯಿಂದ ಸಿದ್ದಾಪುರ 35 ಕಿ.ಮೀ. ಆಸುಪಾಸು, ಯಲ್ಲಾಪುರ 50ರ ಆಸುಪಾಸು. ಕಾಗದದ ಮೇಲೆ ಇವು ಏನೂ ಅಲ್ಲ. ಆದರೆ ಪಾಚಿಗಟ್ಟಿದ ಕಾಂಕ್ರೀಟು, ಕೆಂಪು ಮಣ್ಣು ತೊಳೆದು ಬಂದ ತಿರುವು, ರಸ್ತೆಗೆ ಬಿದ್ದ ಅಡಿಕೆ ಹಾಳೆ, ಎದುರಿಗೆ ಇಡೀ ದಾರಿಯನ್ನು ತುಂಬಿಕೊಂಡು ಬರುವ ಬಸ್ಸು, ಇವುಗಳ ನಡುವೆ ಬೈಕಿನವರು ತಾಸಿಗೆ 25 ಕಿ.ಮೀ. ಹೋದರೂ ಅದು ಜಾಣತನದ ವೇಗವೇ. ದಿನಕ್ಕೆ ಮೂರ್ನಾಲ್ಕು ತಾಣ ತುಂಬಿದ ಪಟ್ಟಿ ಮಧ್ಯಾಹ್ನದ ಹೊತ್ತಿಗೇ ಹಿಂದೆ ಬೀಳುತ್ತದೆ. ಹಿಂದೆ ಬಿದ್ದ ಗುಂಪು ವೇಗ ಹೆಚ್ಚಿಸುತ್ತದೆ. ಕೊನೆಯ ತಾಣಕ್ಕೆ ಮುಸ್ಸಂಜೆಯಲ್ಲಿ ತಲುಪಿ, ಕತ್ತಲಲ್ಲಿ, ಮಂಜಿನಲ್ಲಿ, ಲಾರಿಗಳು ಎಡೆಬಿಡದೆ ಹತ್ತಿಳಿಯುವ ಅರಬೈಲಿನಂಥ ಘಟ್ಟಕ್ಕೆ ಬರುತ್ತದೆ. ಅಲ್ಲಿ ಬಿದ್ದರೆ ಮುಂದೇನು? ಈ ಉತ್ತರ ಕನ್ನಡ ಜಿಲ್ಲೆಗೊಂದು ಸುಸಜ್ಜಿತ ತುರ್ತು ಚಿಕಿತ್ಸೆಯ ಆಸ್ಪತ್ರೆ ಬೇಕೆಂದು ಜನ ವರ್ಷಗಳಿಂದ ಕೂಗುತ್ತಿದ್ದಾರೆ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆ್ಯಂಬುಲೆನ್ಸ್ ಬೈಂದೂರಿನ ಶಿರೂರು ಟೋಲ್‌ಗೇಟಿನಲ್ಲಿ ಉರುಳಿ ಅದರಲ್ಲಿದ್ದ ಹಲವರು ಸತ್ತಾಗ ಆ ಕೂಗು ರಾಜ್ಯಕ್ಕೆಲ್ಲ ಕೇಳಿಸಿತು. ತಲೆಗೆ ಪೆಟ್ಟಾದವರನ್ನು ಇಂದಿಗೂ ಹುಬ್ಬಳ್ಳಿಗೋ ಮಣಿಪಾಲಕ್ಕೋ ಒಯ್ಯಬೇಕು. ಶಿರಸಿಯಿಂದ ಹುಬ್ಬಳ್ಳಿ ಸುಮಾರು 100 ಕಿ.ಮೀ. ಸಿಗ್ನಲ್ ಇಲ್ಲದ ಕಡೆ 108ಕ್ಕೆ ಫೋನು ಹೋಗಬೇಕಾದರೆ ಯಾರೋ ಒಬ್ಬರು ಮಳೆಯಲ್ಲಿ ಗುಡ್ಡ ಹತ್ತಬೇಕು. ಆ ಯಾರೋ ಒಬ್ಬರು ಹತ್ತಿರದ ಮನೆಯವರೇ ಆಗಿರುತ್ತಾರೆ. ಗಾಯಾಳುವನ್ನು ಕಂಬಳಿಯಲ್ಲಿ ಹೊತ್ತು ಜೀಪಿನವರೆಗೆ ತರುವವರು, ನೀರುಪಾಲಾದವರನ್ನು ಹುಡುಕಲು ಹೊಳೆಗಿಳಿಯುವವರು ಅವರೇ. ಯೋಜನೆ ಬರೆದ ಯಂತ್ರ ಈ ಲೆಕ್ಕದಲ್ಲಿ ಎಲ್ಲೂ ಬರುವುದಿಲ್ಲ. ಈ ಒಂದು ಕಾರಣಕ್ಕಾದರೂ ದಾರಿಯ ವಿಷಯದಲ್ಲಿ ಇಲ್ಲಿಯವರ ಮಾತಿಗೆ ಹೆಚ್ಚಿನ ತೂಕ ಇರಬೇಕೆಂದು ನಾನು ವಾದಿಸುತ್ತೇನೆ.

ಊರಿನವರು ಹೇಳುವುದೆಲ್ಲ ಸರಿಯೇ ಎಂದು ಕೇಳುವವರೂ ಇದ್ದಾರೆ, ಕೇಳುವುದು ನ್ಯಾಯವೇ. 'ಇಲ್ಲೇ ಹತ್ರ' ಎಂದದ್ದು ಐದು ಕಿ.ಮೀ. ಆಗುತ್ತದೆ, 'ಬೈಕ್ ಹೋಗ್ತದೆ' ಎಂದವರು ಹುಟ್ಟಿದಾಗಿನಿಂದ ಅದೇ ಕೆಸರಿನಲ್ಲಿ ಬೈಕ್ ಹೊಡೆದವರಾಗಿರುತ್ತಾರೆ. ಅದಕ್ಕೇ ಪ್ರಶ್ನೆಯನ್ನು ಸರಿಯಾಗಿ ಕೇಳಬೇಕು. 'ಈ ದಾರಿ ಹೋಗ್ತದಾ' ಎಂದರೆ ಹೋಗುತ್ತದೆ ಎಂದೇ ಉತ್ತರ, ದಾರಿ ಎಂದಮೇಲೆ ಎಲ್ಲಿಗೋ ಹೋಗಲೇಬೇಕು. 'ಅಣ್ಣಾ, ಇವತ್ತು ಬಸ್ಸು ಬಂದಿತ್ತಾ?' ಎಂದು ಕೇಳಿ. ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಶಿರಸಿ ವಿಭಾಗದ ಬಸ್ಸುಗಳು ಈ ಮೂರೂ ತಾಲ್ಲೂಕುಗಳ ಹಳ್ಳಿಗಳ ತುದಿ ಮುಟ್ಟುತ್ತವೆ. ರಾತ್ರಿ ಊರಲ್ಲಿ ತಂಗುವ ವಸತಿ ಬಸ್ಸು ಬೆಳಿಗ್ಗೆ ಸರಿಯಾದ ಹೊತ್ತಿಗೆ ಹೊರಟಿದೆ ಎಂದರೆ ಮೋರಿ ಗಟ್ಟಿಯಾಗಿದೆ, ಮರ ಬಿದ್ದಿಲ್ಲ, ಹೊಳೆ ಸೇತುವೆ ಮೇಲೆ ಬಂದಿಲ್ಲ ಎಂದು ಅರ್ಥ. ಬಸ್ಸು ಅರ್ಧ ದಾರಿಯಲ್ಲಿ ತಿರುಗಿದ್ದರೆ ನೀವೂ ಅಲ್ಲೇ ತಿರುಗಿ. ಡಿಪೊದ ವಿಚಾರಣಾ ಕಿಟಕಿಯಲ್ಲಿ ಕೇಳಿದರೆ ಸಾಕು, ಯಾವ ಮಾರ್ಗ ನಿಂತಿದೆ ಎಂದು ಹೇಳುತ್ತಾರೆ. ಬಸ್ಸಿಲ್ಲದ ದಾರಿಗಾದರೆ ಹಾಲಿನ ವಾಹನದವರನ್ನು ಕೇಳಿ, ಇಬ್ಬರನ್ನು ಬೇರೆ ಬೇರೆಯಾಗಿ ಕೇಳಿ. ನಿನ್ನೆಯ ರಾತ್ರಿಯ ಮಳೆ ಹೇಗಿತ್ತು ಎಂದು ಕೇಳಿ. ನಿಂತ ಜಾಗದಲ್ಲಿ ಬಿಸಿಲಿದ್ದರೂ ಮೇಲಿನ ಮಳೆಯ ನೀರು ತಡವಾಗಿ ಇಳಿದು ಬರುತ್ತದೆ. ಈ ಪ್ರಶ್ನೆಗಳನ್ನು ಕನ್ನಡದಲ್ಲಿ ಕೇಳಲು ಬಾರದವರಿಗೆ ಎಐ ಬರೆದುಕೊಡಲಿ, ಫೋನಿನಿಂದಲೇ ನುಡಿದು ತೋರಿಸಲಿ. ಈ ದಾರಿಗಳಲ್ಲಿ ಅದರ ಅತ್ಯುತ್ತಮ ಉಪಯೋಗ ಇದೇ ಎಂದು ನನ್ನ ಅಭಿಪ್ರಾಯ. ಸಿಗ್ನಲ್ ಹೋಗುವ ಮೊದಲೇ ಬರೆಸಿಟ್ಟುಕೊಳ್ಳಿ.

ಒಂಟಿಯಾಗಿ ಅಥವಾ ಇಬ್ಬಿಬ್ಬರಾಗಿ ಬರುವ ಮಹಿಳಾ ಸವಾರರ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಅಪರಿಚಿತರನ್ನು ನಿಲ್ಲಿಸಿ ದಾರಿ ಕೇಳುವುದೆಂದರೆ ತಾನು ಒಬ್ಬಳೇ ಇದ್ದೇನೆ, ದಾರಿ ತಪ್ಪಿದ್ದೇನೆ ಎಂದು ಸಾರಿದಂತೆ. ಫೋನನ್ನು ಕೇಳಿದರೆ ಆ ಭಯವಿಲ್ಲ. ಇದನ್ನು ಹಗುರವಾಗಿ ತಳ್ಳಿಹಾಕಲು ಆಗುವುದಿಲ್ಲ, ತಳ್ಳಿಹಾಕಲೂಬಾರದು. ನಮ್ಮೂರು ಎಷ್ಟು ಒಳ್ಳೆಯದೆಂದು ನಾವೇ ಹೇಳಿಕೊಂಡರೆ ಅವರ ಭಯಕ್ಕೆ ಉತ್ತರವಾಗುವುದಿಲ್ಲ. ನನಗೆ ಕಾಣುವ ದಾರಿ ಎಂದರೆ ಕೇಳುವ ಕೆಲಸವನ್ನು ರಸ್ತೆ ಬದಿಯಿಂದ ಹಿಂದಕ್ಕೆ, ಹೊರಡುವ ಮೊದಲಿಗೆ ತರುವುದು. ಉಳಿಯುವ ಮನೆಯವರಿಗೆ ಹಿಂದಿನ ದಿನವೇ ಫೋನು ಮಾಡಿ, ಎಐ ಕೊಟ್ಟ ಪಟ್ಟಿಯನ್ನು ಅವರಿಗೆ ಓದಿ ಹೇಳಿ, ಯಾವುದನ್ನು ತೆಗೆಯಬೇಕು ಎಂದು ಕೇಳುವುದು. ಹೊರಟ ಮೇಲೆ ಬಸ್‌ ನಿಲ್ದಾಣ, ಕೃಷಿ ಸಹಕಾರಿ ಸಂಘದ ಕಚೇರಿ, ಪೊಲೀಸ್ ಠಾಣೆ, ಅರಣ್ಯ ಇಲಾಖೆಯ ತಪಾಸಣಾ ಗೇಟು, ಹೀಗೆ ನಾಲ್ಕು ಜನ ಇರುವ ಜಾಗಗಳಲ್ಲಿ ಮಾತ್ರ ಕೇಳುವುದು. ಎಷ್ಟು ಹೊತ್ತಿಗೆ ವಾಪಸು ಬರುತ್ತೇವೆ ಎಂಬುದನ್ನು ಮನೆಯವರಿಗೆ ತಿಳಿಸಿ ಹೊರಡುವುದು. ಹಾಗೆ ತಿಳಿಸಿದ್ದರೆ ಕತ್ತಲಾದರೂ ಬಾರದವರನ್ನು ಹುಡುಕಿ ಹೊರಡಲು ಇಲ್ಲಿ ಒಬ್ಬರಾದರೂ ಇರುತ್ತಾರೆ.

ಸಾಹಸದ ಮಾತೂ ಬರುತ್ತದೆ: ಎಲ್ಲ ಗೊತ್ತಿದ್ದು ಹೋಗುವುದರಲ್ಲಿ ಏನು ಸುಖ ಎಂದು. ಈ ಮಾತಿನಲ್ಲಿ ಹುರುಳಿದೆ, ಆದರೆ ಅದು ನಿಮ್ಮ ಪಟ್ಟಿಯ ವಿರುದ್ಧವೇ ಸಾಕ್ಷಿ ಹೇಳುತ್ತದೆ. ಗಂಟೆಗಂಟೆಗೆ ಬರೆದುಕೊಟ್ಟ ಹಾಳೆಯನ್ನು ಪಾಲಿಸುವುದರಲ್ಲಿ ಸಾಹಸವಿಲ್ಲ. ಎಲ್ಲರಿಗೂ ಹೆಚ್ಚುಕಡಿಮೆ ಒಂದೇ ಉತ್ತರ ಬರುವುದರಿಂದ ಎಲ್ಲರೂ ಅದೇ ಶನಿವಾರ ಅದೇ ನಾಲ್ಕು ಜಲಪಾತಗಳ ಮುಂದೆ ಸೇರುತ್ತಾರೆ. ಇಟಗಿಯ ರಾಮೇಶ್ವರ ದೇವಾಲಯ, ಬಿಳಗಿಯ ರತ್ನತ್ರಯ ಬಸದಿ, ಮಾವಿನಗುಂಡಿ ದಾರಿಯ ಕತ್ತಲೆಕಾನಿನಲ್ಲಿ ಉಳಿದಿರುವ ಅಪರೂಪದ ರಾಂಪತ್ರೆ ಜಡ್ಡಿ ಎಂಬ ಜೌಗು ಕಾಡು ಯಾರಿಗೂ ನೆನಪಾಗುವುದಿಲ್ಲ. ದಿನಕ್ಕೆ ಒಂದೇ ಜಾಗ ಇಟ್ಟುಕೊಂಡು ಉಳಿದ ಹೊತ್ತನ್ನು ಖಾಲಿ ಬಿಟ್ಟವರಿಗೆ ದಾರಿ ತೆರೆದುಕೊಳ್ಳುತ್ತದೆ. ಪ್ರವಾಸಿಗರನ್ನು ದೂರ ಇಡುವ ಉಪಾಯ ಇದು ಎಂಬ ಸಂಶಯ ಬೇಡ. ಅಡಿಕೆಯ ದರ ಏರಿಳಿಯುವಾಗ, ಕೊಳೆರೋಗ ಫಸಲನ್ನು ತಿನ್ನುವಾಗ ಹೋಂಸ್ಟೇಯ ಆದಾಯ ಎಷ್ಟೋ ಮನೆಗಳಿಗೆ ಆಸರೆ. ಅಂಥ ಮನೆಗಳಿಗೆ ಬೇಕಾದದ್ದು ಎರಡು ರಾತ್ರಿ ಉಳಿದು, ಊಟಕ್ಕೆ ಕೂತು, ತಂಬುಳಿಗೆ ಇನ್ನೊಂದು ಸೌಟು ಹಾಕಿಸಿಕೊಳ್ಳುವ ಅತಿಥಿಗಳು.

ಕೊನೆಯದಾಗಿ ನಿಮ್ಮ ಕೈಯಲ್ಲೇ ಇರುವ ಒಂದು ಸಂಗತಿ. ಎಐಗೆ ಈ ಸೀಮೆಯ ಬಗ್ಗೆ ಗೊತ್ತಿರುವುದರಲ್ಲಿ ದೊಡ್ಡ ಪಾಲು ನಿಮ್ಮಂಥ ಪ್ರವಾಸಿಗರು ಬರೆದದ್ದು, ನೀವು ಹಾಕಿದ ವಿಡಿಯೊಗಳು, ನೀವು ಕೊಟ್ಟ ನಕ್ಷತ್ರಗಳು. ಇಂದು ನೀವು ಯಾರದೋ ಸೊಪ್ಪಿನ ಬೆಟ್ಟದೊಳಗಿನ ಅಬ್ಬಿಯೊಂದಕ್ಕೆ 'ಯಾರಿಗೂ ಗೊತ್ತಿಲ್ಲದ ಜಲಪಾತ' ಎಂದು ಹೆಸರಿಟ್ಟು ಗುರುತು ಹಾಕಿದರೆ, ಮುಂದಿನ ಮಳೆಗಾಲ ಯಂತ್ರ ಅದನ್ನು ಎಲ್ಲರ ಪಟ್ಟಿಗೂ ಸೇರಿಸುತ್ತದೆ. ಆ ಮನೆಯ ಅಂಗಳ ಪಾರ್ಕಿಂಗ್ ಜಾಗವಾಗುತ್ತದೆ, ಅವರು ಕುಡಿಯುವ ಅಬ್ಬಿ ನೀರಿಗೆ ಬಾಟಲಿ ಬೀಳುತ್ತದೆ. ಉಂಚಳ್ಳಿಯ ಸುತ್ತಲ ಕಾಡು 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಎಂದು ಘೋಷಣೆಯಾಗಿತ್ತು. ಅಲ್ಲಿ ಗಾಡಿ ಬಿಟ್ಟು ಒಳದಾರಿ ಹುಡುಕುವುದನ್ನು ಯಾರೂ ಸಾಧನೆಯೆಂದು ಬರೆಯಬಾರದು. ಆದ್ದರಿಂದ ನಿಮ್ಮ ಬಳಗಗಳಲ್ಲಿ ಇಷ್ಟನ್ನು ನಿಯಮ ಮಾಡಿಕೊಳ್ಳಿ ಎಂದು ಬೇಡಿಕೊಳ್ಳುತ್ತೇನೆ. ದಾರಿಯ ಬಗ್ಗೆ ಬರೆಯುವಾಗ ತಾರೀಖು ಹಾಕಿ. ಮುಚ್ಚಿದ್ದನ್ನು, ಕಾಣದೇ ಹೋದದ್ದನ್ನು, ಅರ್ಧಕ್ಕೆ ತಿರುಗಿದ್ದನ್ನೂ ಬರೆಯಿರಿ. ಕನ್ನಡ ಬಲ್ಲವರು ಕನ್ನಡದಲ್ಲೂ ಬರೆಯಿರಿ. ಖಾಸಗಿ ಜಾಗದ ಗುರುತು ಹಾಕುವ ಮೊದಲು ಆ ಮನೆಯವರನ್ನು ಕೇಳಿ. ಗಳ ಅಡ್ಡ ಕಟ್ಟಿದ್ದರೆ ಅದರ ಪಕ್ಕದಿಂದ ಬೈಕು ನುಗ್ಗಿಸಬೇಡಿ. ಈ ಮಳೆಗಾಲಕ್ಕೆ ಹೊರಡುವ ಹಿಂದಿನ ಸಂಜೆ, ಎಐ ಕೊಟ್ಟ ಪಟ್ಟಿಯನ್ನು ಎದುರಿಗಿಟ್ಟುಕೊಂಡು, ಉಳಿಯುವ ಮನೆಗೆ ಒಂದು ಫೋನು ಮಾಡಿ.

ಇಂತಿ,
ಶಿರಸಿ ಸೀಮೆಯ ಒಬ್ಬ ನಾಗರಿಕ